ಅಮೆರಿಕದಲ್ಲಿ ಮನೆಗೆ ಬೆಲೆ ಕಟ್ಟುವವರು: ಅಪ್ರೈಸಲ್ ಕಮ್ಮಿ ಬಂದರೆ ಏನು ನೋಡಬೇಕು?

ಅಮೆರಿಕದಲ್ಲಿ ಮನೆ ಹುಡುಕುವಾಗ ನಮ್ಮವರು ಏಜೆಂಟ್ ಹತ್ತಿರ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಆ ಕಡೆ ಇಂಡಿಯನ್ಸ್ ಜಾಸ್ತಿ ಇದ್ದಾರಾ?" ಏಜೆಂಟ್ ನಕ್ಕು ಮಾತು ತೇಲಿಸಿಬಿಡುತ್ತಾರೆ. ಗೊತ್ತಿಲ್ಲ ಅಂತಲ್ಲ. ಜನಾಂಗ ನೋಡಿ ಒಬ್ಬರನ್ನು ಒಂದು ಬಡಾವಣೆಗೆ ಕರೆದುಕೊಂಡು ಹೋಗುವುದು, ಇನ್ನೊಂದರಿಂದ ದೂರ ಇಡುವುದು 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ತಪ್ಪು. ಮನೆಗೆ ಬೆಲೆ ಕಟ್ಟುವ ಅಪ್ರೈಸರ್‌ಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ಆದರೂ ಕೆಲವು ವರ್ಷಗಳಿಂದ ಅಪ್ರೈಸರ್‌ಗಳು ಮೈಬಣ್ಣ ನೋಡಿ ಬೆಲೆ ಕಟ್ಟುತ್ತಾರೆ ಅನ್ನುವ ಆರೋಪ ಮತ್ತೆ ಮತ್ತೆ ಕೇಳಿಬರುತ್ತಿದೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಬೆಂಗಳೂರಿನಲ್ಲಿ ಸರ್ಕಾರವೇ ಬೀದಿ ಬೀದಿಗೂ ಮಾರ್ಗಸೂಚಿ ದರ ಹೊರಡಿಸುತ್ತದೆ. ಇಲ್ಲಿ ಅಂಥ ಪಟ್ಟಿ ಇಲ್ಲ. ಸಾಲ ಕೊಡುವವರು ಲೈಸೆನ್ಸ್ ಇರುವ ಅಪ್ರೈಸರ್ ಒಬ್ಬರನ್ನು ಕಳಿಸುತ್ತಾರೆ. ಫೀಸು ನಿಮ್ಮದು, ಆದರೆ ಅವರ ಗಿರಾಕಿ ನೀವಲ್ಲ, ಲೆಂಡರ್. ಅವರು ಮನೆ ಅಳೆದು, ಫೋಟೋ ತೆಗೆದು, ಸುತ್ತಮುತ್ತ ಈಚೆಗೆ ಮಾರಾಟವಾದ ಅಂಥದ್ದೇ ಮನೆಗಳನ್ನು ಹುಡುಕುತ್ತಾರೆ. ಸಾಮಾನ್ಯವಾಗಿ ಕನಿಷ್ಠ ಮೂರು. ಇವಕ್ಕೆ ಎಲ್ಲರೂ ಕಾಂಪ್ಸ್ ಅಂತಾರೆ. ನಿಮ್ಮ ಮನೆಗೆ ಒಂದು ಬಾತ್‌ರೂಮ್ ಜಾಸ್ತಿ ಇದ್ದರೆ ಇಷ್ಟು ಕೂಡಿಸು, ಗ್ಯಾರೇಜ್ ಚಿಕ್ಕದಿದ್ದರೆ ಇಷ್ಟು ಕಳೆ. ಹೀಗೆ ಲೆಕ್ಕ ಹಾಕಿ ಒಂದು ಸಂಖ್ಯೆ ಬರೆಯುತ್ತಾರೆ.

ಆ ಸಂಖ್ಯೆಯ ಭಾರ ಎಷ್ಟು ಅಂದರೆ, 6 ಲಕ್ಷ ಡಾಲರ್‌ಗೆ ಮನೆ ಒಪ್ಪಿದ್ದೀರಿ, ಕೈಯಿಂದ ಶೇ. 20 ಅಂದರೆ 1,20,000 ಇಟ್ಟಿದ್ದೀರಿ ಅಂದುಕೊಳ್ಳಿ. ಅಪ್ರೈಸಲ್ 5,60,000 ಬಂತು. ಲೆಂಡರ್ ಅದರ ಶೇ. 80 ಮಾತ್ರ ಕೊಡುತ್ತಾರೆ, ಅಂದರೆ 4,48,000. ಈಗ ನೀವು ಹೊಂದಿಸಬೇಕಾದ್ದು 1,52,000. ಒಂದೇ ಮಧ್ಯಾಹ್ನ 32,000 ಡಾಲರ್ ಹೊಸ ತಲೆನೋವು. ಅಥವಾ ಮಾರುವವರ ಜೊತೆ ಬೆಲೆ ಚೌಕಾಸಿ. ಅಥವಾ ಮಾರ್ಟ್‌ಗೇಜ್ ಇನ್ಶೂರೆನ್ಸ್, ಅಂದರೆ ಕೈಯಿಂದ ಇಟ್ಟದ್ದು ಶೇ. 20ಕ್ಕಿಂತ ಕಮ್ಮಿಯಾದಾಗ ಲೆಂಡರ್ ರಕ್ಷಣೆಗೆ ನೀವು ಕಟ್ಟುವ ವಿಮೆ.

ಹಳೆಯ ಕಥೆ ಸ್ವಲ್ಪ ಗೊತ್ತಿರಲಿ. 1930ರ ದಶಕದಲ್ಲಿ ಸರ್ಕಾರದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಊರುಗಳ ನಕ್ಷೆಗೆ ಬಣ್ಣ ಬಳಿಯಿತು. ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು, ಅಂದರೆ ಸಾಲ ಕೊಡಲು ಅಪಾಯ. ಆ ನಕ್ಷೆಗಳ ಜೊತೆಗಿದ್ದ ಫಾರಂನಲ್ಲಿ ಬೇರೆ ಜನ "ನುಗ್ಗುತ್ತಿದ್ದಾರಾ" ಅಂತ ಬರೆಯಲು ಒಂದು ಸಾಲೇ ಇತ್ತು. ಏಷ್ಯಾದವರನ್ನೂ ಆ ಸಾಲಿನಲ್ಲಿ ಬರೆದದ್ದುಂಟು, ಹಾಗಾಗಿ ಇದು ನಮಗೆ ಸಂಬಂಧವಿಲ್ಲದ ಇತಿಹಾಸ ಅಂತ ಸುಮ್ನೆ ದಾಟಿ ಹೋಗುವ ಹಾಗಿಲ್ಲ. ಜನಾಂಗ ಬದಲಾದರೆ ಬೆಲೆ ಇಳಿಯುತ್ತದೆ ಅಂತ ಅಪ್ರೈಸರ್‌ಗಳ ಪಠ್ಯದಲ್ಲೇ ಕಲಿಸುತ್ತಿದ್ದರು. 1976ರಲ್ಲಿ ನ್ಯಾಯ ಇಲಾಖೆ ಅವರ ಮುಖ್ಯ ಸಂಘದ ಮೇಲೆ ಕೇಸ್ ಹಾಕಿತು. ಮರುವರ್ಷ ಸಂಘ ರಾಜಿಗೆ ಬಂದು ಆ ಪಾಠ ಕೈಬಿಡಲು ಒಪ್ಪಿತು.

ಪಾಠ ಹೋಯಿತು, ಕಾಂಪ್ಸ್ ಉಳಿಯಿತು. ನನಗೆ ಕಾಣುವ ನಿಜವಾದ ಗಂಟು ಇದೇ. ಪಕ್ಕದ ಮನೆ ನಿನ್ನೆ ಎಷ್ಟಕ್ಕೆ ಹೋಯಿತು ಅನ್ನುವುದರ ಮೇಲೆ ಇವತ್ತಿನ ಬೆಲೆ ನಿಂತಿದೆ. ನಿನ್ನೆಯ ಬೆಲೆ ಮೊನ್ನೆಯದರ ಮೇಲೆ. ಹಿಂದೆ ಬೇಕಂತಲೇ ಕೆಳಗಿಟ್ಟ ಬೀದಿ, ಯಾರೂ ಇವತ್ತು ಕೆಟ್ಟ ಮನಸ್ಸು ಮಾಡದಿದ್ದರೂ ಕೆಳಗೇ ಉಳಿಯಬಹುದು.

ಕೆಲವು ಪ್ರಕರಣಗಳಲ್ಲಿ ಆರೋಪ ನೇರವಾಗಿಯೇ ಇತ್ತು. ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯಲ್ಲಿ ಕಪ್ಪು ದಂಪತಿಯ ಮನೆಗೆ 2020ರಲ್ಲಿ 9,95,000 ಡಾಲರ್ ಬಂತು. ಅವರು ಫೋಟೋ, ಕಲಾಕೃತಿಗಳನ್ನೆಲ್ಲ ತೆಗೆದು, ಬಿಳಿ ಗೆಳತಿಯೊಬ್ಬರನ್ನು ಮನೆಯೊಡತಿಯಂತೆ ನಿಲ್ಲಿಸಿದರು. ಕೆಲವೇ ವಾರಗಳಲ್ಲಿ ಬಂದ ಎರಡನೇ ಬೆಲೆ 14,82,500. ಕೇಸ್ 2023ರಲ್ಲಿ ರಾಜಿಯಾಯಿತು. ಬಾಲ್ಟಿಮೋರ್‌ನಲ್ಲಿ ಪ್ರಾಧ್ಯಾಪಕ ದಂಪತಿಯ ಮನೆಗೆ 2021ರಲ್ಲಿ 4,72,000 ಬಂತು. ಕೆಲವು ತಿಂಗಳ ಮೇಲೆ ಬಿಳಿ ಸಹೋದ್ಯೋಗಿಯನ್ನು ನಿಲ್ಲಿಸಿದಾಗ 7,50,000. ಅಲ್ಲಿ ಅಪ್ರೈಸರ್ ತಾನು ತಪ್ಪು ಮಾಡಿಲ್ಲ ಅಂತಲೇ ವಾದಿಸಿದರು. ಲೆಂಡರ್ ಮಾತ್ರ 2024ರಲ್ಲಿ ರಾಜಿ ಮಾಡಿಕೊಂಡು ತನ್ನ ನಿಯಮ ಬದಲಿಸಲು ಒಪ್ಪಿತು.

ಇವು ಬಿಡಿ ಕಥೆಗಳು ಅನ್ನಬಹುದು. ಅದಕ್ಕೇ ದೊಡ್ಡ ಲೆಕ್ಕವನ್ನೂ ನೋಡಬೇಕು. 2015ರಿಂದ 2020ರವರೆಗಿನ 1.2 ಕೋಟಿಗೂ ಹೆಚ್ಚು ಅಪ್ರೈಸಲ್‌ಗಳನ್ನು, ಲೆಂಡರ್‌ಗಳಿಂದ ಮನೆ ಸಾಲಗಳನ್ನು ಕೊಳ್ಳುವ ಸಂಸ್ಥೆ ಫ್ರೆಡ್ಡಿ ಮ್ಯಾಕ್ ತಾಳೆ ಹಾಕಿತು. ಒಪ್ಪಂದದ ಬೆಲೆಗಿಂತ ಕಮ್ಮಿ ಬಂದದ್ದು ಬಿಳಿಯರ ಬಡಾವಣೆಗಳಲ್ಲಿ ಶೇ. 7.4, ಕಪ್ಪು ಜನರ ಬಡಾವಣೆಗಳಲ್ಲಿ ಶೇ. 12.5, ಲ್ಯಾಟಿನೋ ಬಡಾವಣೆಗಳಲ್ಲಿ ಶೇ. 15.4.

ಅಪ್ರೈಸರ್‌ಗಳ ಉತ್ತರವನ್ನೂ ಕೇಳಬೇಕಲ್ವಾ? "ನಾವು ಬೆಲೆ ಮಾಡುವವರಲ್ಲ, ಮಾರುಕಟ್ಟೆ ಮಾಡಿದ್ದನ್ನು ಬರೆಯುವವರು" ಅನ್ನುವುದು ಅವರ ಮೊದಲ ಮಾತು. ಮನೆ ಕೊಳ್ಳುವಾಗಿನ ಅಪ್ರೈಸಲ್‌ನಲ್ಲಿ ಕೊಳ್ಳುವವರ ಮುಖವನ್ನೇ ಎಷ್ಟೋ ಸಲ ನೋಡಿರುವುದಿಲ್ಲ, ಅದೂ ನಿಜ. ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್ ಅನ್ನುವ ಅಧ್ಯಯನ ಸಂಸ್ಥೆಯ ಸಂಶೋಧಕರು, ಆದಾಯದಂಥ ಆರ್ಥಿಕ ಅಂಶಗಳನ್ನು ಲೆಕ್ಕಕ್ಕೆ ತಂದರೆ ಈ ಅಂತರದ ಬಹುಪಾಲು ಜನಾಂಗದಿಂದ ಬಂದದ್ದಲ್ಲ ಅಂತ ವಾದಿಸಿದ್ದಾರೆ. ಈ ವಾದದಲ್ಲಿ ಸ್ವಲ್ಪ ಹುರುಳಿದೆ ಅನಿಸುತ್ತದೆ. ಆದರೆ ಒಂದೇ ಮನೆಗೆ ಎರಡು ಬೆಲೆ ಬಂದದ್ದಕ್ಕೆ ಅದು ಉತ್ತರವಲ್ಲ.

ವೃತ್ತಿಯೂ ಸುಮ್ಮನೆ ಕೂರಲಿಲ್ಲ. ಅವರ ನಡವಳಿಕೆಯ ನಿಯಮಾವಳಿಗೆ 2024ರ ಜನವರಿಯಿಂದ ತಾರತಮ್ಯ ನಿಷೇಧದ ಪ್ರತ್ಯೇಕ ಭಾಗವೇ ಸೇರಿತು. ಹಿರಿಯ ಅಪ್ರೈಸರ್ ಒಬ್ಬರ ಕೈಕೆಳಗೆ ದುಡಿಯದೆ ಈ ಕೆಲಸಕ್ಕೆ ಬರುವುದು ಮೊದಲು ಕಷ್ಟವಿತ್ತು. ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಹೋಗುವ ಕಸುಬಿನಂತೆ. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಬಿಳಿಯರೇ ಇರುವುದಕ್ಕೆ ಇದೂ ಒಂದು ಕಾರಣ. ಈಗ ಕಂಪ್ಯೂಟರ್ ಮುಂದೆ ಕೂತು ಆ ಅನುಭವ ಗಳಿಸುವ ದಾರಿಯೂ ತೆರೆದಿದೆ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು "ರೀಕನ್ಸಿಡರೇಶನ್ ಆಫ್ ವ್ಯಾಲ್ಯೂ", ಅಂದರೆ ಬೆಲೆಯನ್ನು ಮತ್ತೆ ಪರಿಶೀಲಿಸಿ ಅಂತ ಲೆಂಡರ್‌ಗೆ ಕೊಡುವ ಅರ್ಜಿ. ಫ್ರೆಡ್ಡಿ ಮ್ಯಾಕ್ ಮತ್ತು ಅಂಥದ್ದೇ ಸಂಸ್ಥೆ ಫ್ಯಾನಿ ಮೇ 2024ರ ಆಗಸ್ಟ್ ಕೊನೆಯಿಂದ ಇದಕ್ಕೆ ಒಂದು ಕ್ರಮ ತಂದವು. ಒಂದು ಅಪ್ರೈಸಲ್‌ಗೆ ಒಂದೇ ಸಲ, ಕ್ಲೋಸಿಂಗ್‌ಗೆ (ಕೊನೆಯ ಕಾಗದಗಳಿಗೆ ಸಹಿ ಬೀಳುವ ದಿನಕ್ಕೆ) ಮುಂಚೆ, ಹೆಚ್ಚೆಂದರೆ ಐದು ಹೊಸ ಕಾಂಪ್ಸ್ ಕೊಡಬಹುದು. ಎಫ್‌ಎಚ್‌ಎ ಸಾಲಗಳಿಗೆ, ಅಂದರೆ ಫೆಡರಲ್ ಸರ್ಕಾರ ವಿಮೆ ಕೊಡುವ ಸಾಲಗಳಿಗೆ, 2024ರಲ್ಲಿ ಬಂದ ಇಂಥದ್ದೇ ನಿಯಮವನ್ನು 2025ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರ ವಾಪಸ್ ಪಡೆಯಿತು. ಹಾಗಾಗಿ ನಿಮ್ಮ ಸಾಲ ಯಾವ ಬಗೆಯದು, ಅರ್ಜಿ ಹಾಕುವ ಕ್ರಮ ಏನು ಅಂತ ಲೆಂಡರ್ ಹತ್ತಿರ ಮೊದಲೇ ಕೇಳಿಡಿ.

ನಾನು ರಿಫೈನಾನ್ಸ್ ಮಾಡಿಸುವಾಗ, ಅಂದರೆ ಹಳೆ ಮನೆ ಸಾಲದ ಜಾಗಕ್ಕೆ ಹೊಸ ಸಾಲ ತೆಗೆಯುವಾಗ, ಬೆಲೆ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಮ್ಮಿ ಬಂತು. ಹೆಂಡತಿ ಮೊದಲು ಹೇಳಿದ್ದು "ದೇವರ ಕೋಣೆ ಬಾಗಿಲು ಹಾಕಬೇಕಿತ್ತು" ಅಂತ. ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ಆದರೆ ವರದಿ ತೆರೆದು ನೋಡಿದರೆ ಬೇಸ್‌ಮೆಂಟಿನ ಬಾತ್‌ರೂಮ್ ಲೆಕ್ಕದಲ್ಲೇ ಇರಲಿಲ್ಲ. ಮೂರರಲ್ಲಿ ಎರಡು ಕಾಂಪ್ಸ್ ಹೆದ್ದಾರಿಯ ಆಚೆಗಿನವು, ಬೇರೆ ಸ್ಕೂಲ್ ಡಿಸ್ಟ್ರಿಕ್ಟ್. ಈಚೆ ನಮ್ಮ ಬೀದಿಯಲ್ಲೇ ಎರಡು ಮನೆ ಮಾರಾಟವಾಗಿದ್ದವು. ಅವೆರಡರ ವಿಳಾಸ, ತಾರೀಕು, ಬೆಲೆ, ಚದರಡಿ ಒಂದು ಪುಟದಲ್ಲಿ ಬರೆದು ಕಳಿಸಿದೆ. ಬೆಲೆ ಸ್ವಲ್ಪ ಏರಿತು, ನಾವು ಕೇಳಿದಷ್ಟಲ್ಲ. ಹೆದ್ದಾರಿ ಆಚೆಗೆ ಯಾಕೆ ಹೋದರು ಅನ್ನುವುದಕ್ಕೆ ಉತ್ತರ ಬರಲಿಲ್ಲ. ಸೋಮಾರಿತನವೋ, ಬಾಗಿಲ ಮೇಲಿನ ತೋರಣವೋ, ನನಗೆ ಇವತ್ತಿಗೂ ಹೇಳಲಾಗದು.

ಆದ್ದರಿಂದ ಅರ್ಜಿಯಲ್ಲಿ ಸಿಟ್ಟು ಬೇಡ, ವಿಳಾಸಗಳಿರಲಿ. ಅಪ್ರೈಸರ್‌ಗೆ ನೀವೇ ಫೋನ್ ಮಾಡಿ ಇಷ್ಟು ಬರೆಯಿರಿ ಅನ್ನಬೇಡಿ. ಹೇಳುವುದೇನಿದ್ದರೂ ಲೆಂಡರ್ ಮೂಲಕವೇ ಹೋಗಲಿ. ಅವರು ಮನೆಗೆ ಬಂದ ದಿನ ಹೊಸ ಛಾವಣಿ, ಅಡುಗೆಮನೆ ರಿಪೇರಿಯ ಪಟ್ಟಿ ಕೈಗೆ ಕೊಡಬಹುದು, ಅದರಲ್ಲಿ ತಪ್ಪಿಲ್ಲ. ವರದಿಯ ಪ್ರತಿ ಕ್ಲೋಸಿಂಗ್‌ಗೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸಿಗುವುದು ನಿಮ್ಮ ಹಕ್ಕು. ಈ ಮೂರು ದಿನದ ಗಡುವನ್ನು ಬಿಟ್ಟುಕೊಡುತ್ತೇನೆ ಅಂತ ಸಹಿ ಕೇಳುವ ಕಾಗದವೂ ಕಟ್ಟಿನಲ್ಲಿರಬಹುದು, ಓದಿ ಸಹಿ ಮಾಡಿ.

ಜನಾಂಗ, ಧರ್ಮ, ಮೂಲ ದೇಶದ ಕಾರಣಕ್ಕೇ ಹೀಗಾಯಿತು ಅನ್ನಲು ಗಟ್ಟಿ ಆಧಾರವಿದ್ದರೆ ಫೆಡರಲ್ ವಸತಿ ಇಲಾಖೆಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಕೋರ್ಟಿಗೆ ಹೋಗಲು ಫೇರ್ ಹೌಸಿಂಗ್ ಕಾಯ್ದೆಯಡಿ ಎರಡು ವರ್ಷ. ಲೈಸೆನ್ಸ್ ಕೊಡುವ ರಾಜ್ಯದ ಅಪ್ರೈಸರ್ ಬೋರ್ಡಿಗೂ ಬರೆಯಬಹುದು. ಅಲ್ಲಿಯವರೆಗೆ ವರದಿಯ ಪಿಡಿಎಫ್, ಲೆಂಡರ್ ಜೊತೆಗಿನ ಇಮೇಲ್, ಯಾವುದನ್ನೂ ಡಿಲೀಟ್ ಮಾಡಬೇಡಿ.