ಲ್ಯಾಂಪ್ ಹೊಸದು, ಕೆಂಪು ದೀಪ ಮಾತ್ರ ಹಳೇದೇ

ತೀರ್ಥಹಳ್ಳಿ ಹತ್ತಿರ ನಮ್ಮೂರಿನ ಸಂಘದಲ್ಲಿ ಒಂದು ಹಳೇ ಪ್ರೊಜೆಕ್ಟರ್ ಇದೆ. ಕ್ರಿಕೆಟ್ ಇದ್ದ ದಿನ ಅದೇ ನಮ್ಮ ಟಾಕೀಸು. ಈ ಮಳೆಗಾಲ ಚಿತ್ರ ಮಂಕಾಗುತ್ತಾ ಬಂತು. ಟೆಸ್ಟ್ ಆಟಗಾರರ ಬಿಳಿ ಅಂಗಿ ಕೆಸರು ಬಣ್ಣಕ್ಕೆ ತಿರುಗಿತ್ತು. ಒಂದು ಸಂಜೆ ಟಪ್ ಅಂತ ಸದ್ದಾಗಿ ಕತ್ತಲೆ, ಪ್ರೊಜೆಕ್ಟರ್ ಮೇಲೆ ಕೆಂಪು ದೀಪ.

ಪ್ರೊಜೆಕ್ಟರಿನ ಲ್ಯಾಂಪ್ ಮನೆಯ ಹಳೇ ಬಲ್ಬಿನಂಥದ್ದಲ್ಲ, ಒಳಗೆ ತಂತಿಯೇ ಇರುವುದಿಲ್ಲ. ಪಾದರಸದ ಆವಿಯಲ್ಲಿ ಎರಡು ಟಂಗ್‌ಸ್ಟನ್ ತುದಿಗಳ ನಡುವೆ ಬೆಳಕು ಹೊತ್ತುತ್ತದೆ. ತುದಿ ಸವೆದು, ಗಾಜು ಕಪ್ಪಾದಂತೆ ಬೆಳಕು ಇಳಿಯುತ್ತದೆ. ಉರಿಯುವಾಗ ಒಳಗೆ ಒತ್ತಡ ವಿಪರೀತ. ಹಳೇ ಲ್ಯಾಂಪ್ ಒಡೆಯುವುದು ಅದಕ್ಕೇ. ಮೆನುವಿನಲ್ಲಿ ಲ್ಯಾಂಪ್ ಉರಿದದ್ದು 4,100 ಗಂಟೆ ಅಂತ ತೋರಿಸುತ್ತಿದ್ದರೂ ನಾವ್ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಪದೇ ಪದೇ ಕರೆಂಟ್ ಬೇರೆ ಹೋಗುತ್ತಿತ್ತು. ಆಗ ಫ್ಯಾನೂ ನಿಂತು ಬಿಸಿಯೆಲ್ಲ ಒಳಗೇ ಉಳಿಯುತ್ತದಲ್ವಾ?

ಮಾಡೆಲ್ ನಂಬರ್ ಬರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ಗೂಡಿನ ಸಮೇತ ಲ್ಯಾಂಪ್ ತಂದೆ. ಬರೀ ಬಲ್ಬ್ ಅಗ್ಗ, ಆದರೆ ಕೂರಿಸುವ ತಾಪತ್ರಯ ಜಾಸ್ತಿ. ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ಮೂರು ಸ್ಕ್ರೂ ಸಡಿಲಿಸಿ ಹಳೇದನ್ನು ಎಳೆದೆ. ಹೊಸದರ ಗಾಜಿಗೆ ಬೆರಳು ತಾಗಿಸಲಿಲ್ಲ. ಬೆರಳ ಜಿಡ್ಡು ಕೂತ ಕಡೆ ಗಾಜು ಹಾಳಾಗುತ್ತದೆ.

ಸ್ವಿಚ್ ಹಾಕಿದರೆ ಮತ್ತೆ ಕೆಂಪು! ಅರ್ಧ ಗಂಟೆ ಸುಮ್ನೆ ಒದ್ದಾಡಿದೆ. ಕೊನೆಗೆ ನೋಡಿದರೆ ಮುಚ್ಚಳ ಒಂದು ಕೂದಲೆಳೆಯಷ್ಟು ಎದ್ದಿತ್ತು. ಅದರಡಿಯ ಪುಟ್ಟ ಸ್ವಿಚ್ ಒತ್ತದಿದ್ದರೆ ಲ್ಯಾಂಪ್ ಹೊತ್ತುವುದೇ ಇಲ್ಲ. ಆಮೇಲೆ ಮೆನುವಿನಲ್ಲಿ ಲ್ಯಾಂಪ್ ಗಂಟೆಯನ್ನು ಸೊನ್ನೆ ಮಾಡಿದೆ.

ಗಾಳಿ ಒಳಗೆ ಹೋಗುವ ಫಿಲ್ಟರ್ ತೆಗೆದರೆ ಧೂಳಿನ ಜೊತೆ ಮಳೆಹುಳದ ರೆಕ್ಕೆಗಳ ರಾಶಿ.