ಬಿಬಿಸಿ ಮೈಕ್ರೊಗೆ ಹಳೇ ಟಿವಿ ಹುಡುಕಬೇಡಿ

1984ರ ಕ್ಲಾಸ್ ಎಂಬ ಸರ್ಕಾರಿ ಕಂಪ್ಯೂಟರ್ ಕಲಿಕೆ ಯೋಜನೆಯಲ್ಲಿ ಶಾಲೆಗಳಿಗೆ ಬಂದಿತ್ತಲ್ವಾ, ಆ ಬಿಬಿಸಿ ಮೈಕ್ರೊ ಕಂಪ್ಯೂಟರ್ ನಿಮ್ಮ ಹತ್ತಿರ ಇದ್ದರೆ ಹಿಂದಿನ ಟಿವಿ ಸಾಕೆಟ್ ಬಿಡಿ. ಪಕ್ಕದಲ್ಲಿರುವ 6 ಪಿನ್‌ನ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಸಾಕೆಟ್‌ನಿಂದ ತಂತಿ ಎಳೆದು, ಸಿಜಿಎಯಿಂದ (ಹಳೇ ಕಂಪ್ಯೂಟರ್‌ಗಳ ಚಿತ್ರ ಸಿಗ್ನಲ್) ವಿಜಿಎಗೆ (ನಂತರದ ಮಾನಿಟರ್‌ಗಳ ಸಿಗ್ನಲ್) ಬದಲಿಸುವ ಕನ್ವರ್ಟರ್ ಬೋರ್ಡ್‌ಗೆ ಕೊಡಿ. ಈ ಕಂಪ್ಯೂಟರ್ ಸೆಕೆಂಡಿಗೆ ಚಿತ್ರದ ಸುಮಾರು 15,600 ಗೆರೆ ಕಳಿಸುತ್ತದೆ. ವಿಜಿಎ ಮಾನಿಟರ್ ಕೇಳುವುದು 31,000ಕ್ಕೂ ಜಾಸ್ತಿ. ಬೋರ್ಡ್ ಆ ಅಂತರ ತುಂಬುತ್ತದೆ. ಬಣ್ಣಗಳೂ ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಅಕ್ಷರದ ಅಂಚು ಕಲಸುವುದಿಲ್ಲ. ಆದರೆ ಹುಷಾರು, ಇಲ್ಲಿ ಬರುವುದು ಟಿಟಿಎಲ್ ಸಿಗ್ನಲ್ (5 ವೋಲ್ಟ್‌ವರೆಗಿನ ಡಿಜಿಟಲ್ ಸಿಗ್ನಲ್), ಬೋರ್ಡ್‌ಗೆ ಬೇಕಿರುವುದು 0.7 ವೋಲ್ಟ್. ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೊಂದು 470 ಓಮ್ ರೆಸಿಸ್ಟರ್ ಹಾಕಿ. 6ನೇ ಪಿನ್‌ನಲ್ಲಿ 5 ವೋಲ್ಟ್ ಇರುತ್ತದೆ, ಅದನ್ನು ಮುಟ್ಟಲೇಬೇಡಿ. ಚಿತ್ರ ನಡುಗಿದರೆ ಸ್ಟಾರ್ ಟಿವಿ 0,1 ಎಂದು ಟೈಪ್ ಮಾಡಿ ಮೋಡ್ (ಪರದೆಯ ಚಿತ್ರ ತೋರಿಸುವ ಬಗೆ) ಬದಲಿಸಿ (ಸ್ಟಾರ್ ಅಂದರೆ ನಕ್ಷತ್ರದ ಗುರುತು, ಚಾನೆಲ್ ಅಲ್ಲ!). ಮೋಡ್ 7ರಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ, ನಡುಕ ಇದ್ದೇ ಇರುತ್ತದೆ. ಇನ್ನು ನಮ್ಮ ಮಡಿಕೇರಿ ಮಳೆಗೆ ಸಾಕೆಟ್ ಒಳಗೆ ಹಸಿರು ಕಿಲುಬು ಕಟ್ಟುತ್ತದೆ. ಒಂದು ಬಣ್ಣ ಮಾಯವಾದರೆ ಬೋರ್ಡನ್ನು ಬೈಯುವ ಮೊದಲು ಆ ಕಿಲುಬನ್ನು ಒರೆಸಿ ನೋಡಿ.