ಒಂದೇ ಕಥೆಯನ್ನು ಇಡೀ ಕ್ಲಾಸಿಗೆ ಓದಿಸುವುದು ಹೇಗೆ?

ಮೂರನೇ ಕ್ಲಾಸಿನಲ್ಲಿ ಒಬ್ಬಳು ಸರಾಗವಾಗಿ ಓದುತ್ತಾಳೆ. ಪಕ್ಕದವನು ಕಾಗುಣಿತದಲ್ಲೇ ಮುಗ್ಗರಿಸುತ್ತಾನೆ. ಇನ್ನೊಬ್ಬನಿಗೆ ಬೋರ್ಡೇ ಸರಿಯಾಗಿ ಕಾಣುವುದಿಲ್ಲ. ಮೂವರಿಗೂ ಮೂರು ಪಾಠ ತಯಾರಿಸುವಷ್ಟು ಪುರುಸೊತ್ತು ಯಾವ ಟೀಚರಿಗಿದೆ? ಅದು ಬೇಕಾಗಿಯೂ ಇಲ್ಲ. ಕಥೆ ಒಂದೇ ಇರಲಿ, ಓದಿಸುವ ರೀತಿ ಬದಲಾಗಲಿ.

1. ತೊಡಕು ಎಲ್ಲಿದೆ, ನೋಡಿ

ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಾಲು ಓದಿಸಿ. ಎಷ್ಟು ತಪ್ಪು ಅಂತಲ್ಲ, ಎಂಥ ತಪ್ಪು ಅಂತ ಬರೆದುಕೊಳ್ಳಿ. ‘ಮ’ ಮತ್ತು ‘ವು’ ಅದಲುಬದಲಾಗುತ್ತಿದೆಯಾ? ದೀರ್ಘ ಬಿಟ್ಟುಹೋಗುತ್ತಿದೆಯಾ? ಆಮೇಲೆ ನೀವೇ ನಾಲ್ಕು ಸಾಲು ಓದಿ ಹೇಳಿ, ಪ್ರಶ್ನೆ ಕೇಳಿ. ಕೇಳಿದ್ದು ಅರ್ಥವಾಗುವ ಮಗುವಿಗೆ ಬೇಕಿರುವುದು ಅಕ್ಷರದ ಸಹಾಯ. ಗಡಗಡ ಓದಿಯೂ ಏನೂ ಹೇಳಲಾಗದ ಮಕ್ಕಳೂ ಇರುತ್ತಾರೆ. ಚೆನ್ನಾಗಿ ಓದುತ್ತಾರೆ ಎಂದುಕೊಂಡು ಇವರನ್ನು ಯಾರೂ ಗಮನಿಸುವುದಿಲ್ಲ.

2. ಮೊದಲು ನೀವು ಓದಿ

ಚಿತ್ರ ತೋರಿಸುತ್ತಾ, ಹೊಸ ಪದ ಬಂದಲ್ಲಿ ನಿಲ್ಲಿಸುತ್ತಾ ಓದಿ. ಕಿವಿ ಮಂದವಿರುವ ಮಗು ನಿಮ್ಮ ತುಟಿ ನೋಡುತ್ತಿರುತ್ತದೆ. ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ, ಮುಖ ಕಪ್ಪಾಗಿ ಕಾಣುತ್ತದೆ.

3. ಸಾಲುಗಳನ್ನು ಬಿಡಿಸಿ ಬರೆಯಿರಿ

ಅಕ್ಷರ ದೊಡ್ಡದು ಮಾಡಿದರೆ ಸಾಲದು. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಒಂದು ಹಾಳೆಗೆ ಆರೇಳು ಸಾಲು ಸಾಕು. ಸಾಲು ತಪ್ಪುವ ಮಗುವಿಗೆ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ ಕೊಡಿ. ಹಳೇ ನೋಟ್‌ಬುಕ್ಕಿನ ರಟ್ಟು ಸಾಕು, ಖರ್ಚಿಲ್ಲ.

4. ಒತ್ತಕ್ಷರಕ್ಕೆ ಟೈಮ್ ಕೊಡಿ

ಜಾಸ್ತಿ ಮಕ್ಕಳು ಎಡವುವುದು ಇಲ್ಲೇ. ಕಥೆಯ ಪದಗಳನ್ನು ಮೂರು ಗುಂಪು ಮಾಡಿ. ಮೊದಲು ‘ಅಕ್ಕ’, ‘ಹಣ್ಣು’. ಅದೇ ಅಕ್ಷರಕ್ಕೆ ಅದೇ ಒತ್ತು. ಆಮೇಲೆ ‘ರಸ್ತೆ’, ‘ಪುಸ್ತಕ’. ಅರ್ಕಾವತ್ತು ಕೊನೆಗೆ. ‘ಸೂರ್ಯ’ ಬರೆಯುವಾಗ ಅರ್ಕಾವತ್ತು ‘ಯ’ದ ನಂತರ ಬರುತ್ತದೆ, ಓದುವಾಗ ಅದೇ ಮೊದಲು ಬರಬೇಕು. ಎಡದಿಂದ ಬಲಕ್ಕೆ ಓದು ಅಂತ ನಾವೇ ಹೇಳಿಕೊಟ್ಟ ಮಗು ಇಲ್ಲಿ ತಬ್ಬಿಬ್ಬಾಗುವುದು ಸಹಜ ಅಲ್ವಾ? ಪದವನ್ನು ಚೀಟಿಗಳಲ್ಲಿ ಬಿಡಿಬಿಡಿಯಾಗಿ ಬರೆದು, ಸ್ಥಾನ ಬದಲಿಸಿ ತೋರಿಸಿ. ಬಾಯಿಮಾತಿಗಿಂತ ಇದು ಬೇಗ ತಲೆಗೆ ಹತ್ತುತ್ತದೆ.

5. ಜೋಡಿಯಾಗಿ ಓದಿಸಿ

ಇಬ್ಬರೂ ಒಟ್ಟಿಗೆ, ಗಟ್ಟಿಯಾಗಿ ಓದಲಿ. ನಿಧಾನ ಓದುವವರೇ ಪುಟ ತಿರುಗಿಸಲಿ, ಆಗ ವೇಗ ಅವರ ಕೈಯಲ್ಲಿರುತ್ತದೆ. ತಯಾರಿಯಿಲ್ಲದ ಮಗುವನ್ನು ದಿಢೀರನೆ ಎಬ್ಬಿಸಿ ಎಲ್ಲರೆದುರು ಓದಿಸುವುದನ್ನಂತೂ ಬಿಟ್ಟೇಬಿಡಿ.

6. ಉತ್ತರ ಬರೆದೇ ಕೊಡಬೇಕಿಲ್ಲ

ಕಥೆಯ ಚಿತ್ರಗಳನ್ನು ಕ್ರಮವಾಗಿ ಜೋಡಿಸಬಹುದು, ಬಾಯಲ್ಲಿ ಹೇಳಬಹುದು, ಸನ್ನೆಯಲ್ಲಿ ತೋರಿಸಬಹುದು.

ಇಷ್ಟಾದರೂ ಒಂದು ಮಗು ಮುಂದೆ ಸಾಗದಿದ್ದರೆ ‘ದಡ್ಡ’ ಅನ್ನಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಆದರೆ ಅದನ್ನು ತೀರ್ಮಾನಿಸುವುದು ತಜ್ಞರ ಕೆಲಸ. ಸರ್ಕಾರಿ ಶಾಲೆಯವರು ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರನ್ನು, ಕೇಳಬಹುದು. ಹೋಗುವಾಗ ಮೊದಲ ಹಂತದಲ್ಲಿ ಬರೆದುಕೊಂಡ ತಪ್ಪುಗಳ ಪಟ್ಟಿ ಜೊತೆಗಿರಲಿ.